ಉತಾರದಲ್ಲಿ ಹೆಸರಿದ್ದವರು

ವಿಪತ್ತು ಬಂದಾಗ ಸರಕಾರ ರೈತನಿಗೆ ನೆರವಾಗಬೇಕು ಎಂಬ ಮಾತಿನಲ್ಲಿ ಇಂದು ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಎಷ್ಟು ಕೊಡಬೇಕೆಂಬುದರಲ್ಲಿ ಚರ್ಚೆಯುಂಟು. ಯಾವಾಗ ಕೊಡಬೇಕೆಂಬುದರಲ್ಲಿ ಜಗಳವೂ ಉಂಟು. ಆದರೆ ಕೊಟ್ಟ ಹಣ ಯಾವ ಬಾಗಿಲಿನಿಂದ ಊರೊಳಗೆ ಬರುತ್ತದೆ, ಆ ಬಾಗಿಲಿನ ಮೇಲೆ ಯಾರ ಹೆಸರು ಬರೆದಿದೆ ಎಂಬ ಪ್ರಶ್ನೆಯನ್ನು ನಾವು ಎತ್ತುವುದು ಕಡಿಮೆ. ಕೊರೋನಾ ಮಹಾಮಾರಿಯ ಎರಡು ಬೇಸಿಗೆಗಳಲ್ಲಿ, ಅಂದರೆ 2020 ಮತ್ತು 2021ರಲ್ಲಿ, ಕರ್ನಾಟಕ ಸರಕಾರ ಬೆಳೆಗಾರರಿಗೆ ಘೋಷಿಸಿದ ಪರಿಹಾರಧನವನ್ನು ನಿಮಿತ್ತವಾಗಿ ಇಟ್ಟುಕೊಂಡು ಆ ಪ್ರಶ್ನೆಯನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ವಿಜಯಪುರದ ಜೋರಾಪುರ ಪೇಟೆಯಿಂದ ಹೊರಟು ತಿಕೋಟಾದ ಕಡೆಗೋ ಬಬಲೇಶ್ವರದ ಕಡೆಗೋ ಒಂದರ್ಧ ತಾಸು ಪಯಣಿಸಿದರೆ ಸಾಕು.

ಒಂದು ಕಾಲಕ್ಕೆ ಜೋಳಕ್ಕೂ ಬರಕ್ಕೂ ಸಮಾನವಾಗಿ ಹೆಸರಾಗಿದ್ದ ಈ ನೆಲ ಇಂದು ದ್ರಾಕ್ಷಿಗೆ ಹೆಸರಾಗಿದೆ. ಕೊಳವೆ ಬಾವಿಯ ನೀರು, ಅದು ಬತ್ತಿದರೆ ಟ್ಯಾಂಕರಿನ ನೀರು, ಈಚಿನ ವರ್ಷಗಳಲ್ಲಿ ಕೃಷ್ಣೆಯಿಂದ ಎತ್ತಿ ತಂದ ನೀರು, ಇವುಗಳ ಬಲದಿಂದ ಇಲ್ಲಿಯ ಒಕ್ಕಲಿಗರು ಕಲ್ಲುನೆಲದಲ್ಲಿಯೂ ಬಳ್ಳಿ ಹಬ್ಬಿಸಿದ್ದಾರೆ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಬಳ್ಳಿಯ ಚಾಟ್ನಿ ಮಾಡಬೇಕು. ಮೊದಲಿನದು ಕಡ್ಡಿಗಾಗಿ, ಎರಡನೆಯದು ಕಾಯಿಗಾಗಿ. ಹಣ್ಣು ಕೈಗೆ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಅದರಲ್ಲಿ ಬಹುಭಾಗ ಒಣದ್ರಾಕ್ಷಿಯಾಗಿ ಸಾಂಗಲಿ, ತಾಸಗಾಂವಗಳ ಪೇಟೆಗೆ ಹೋಗುತ್ತದೆ. ಉಳಿದದ್ದು ಹಸಿ ಹಣ್ಣಾಗಿ ವ್ಯಾಪಾರಸ್ಥರ ಲಾರಿ ಏರುತ್ತದೆ. ವರ್ಷವಿಡೀ ಔಷಧ, ಗೊಬ್ಬರ, ಕೂಲಿ, ನೀರು ಎಂದು ಸುರಿದ ರೊಕ್ಕವೆಲ್ಲ ಈ ಮೂರು ನಾಲ್ಕು ತಿಂಗಳಲ್ಲಿ ತಿರುಗಿ ಬರಬೇಕು.

2020ರ ಮಾರ್ಚ್ 25ರಂದು ದೇಶದ ಬಾಗಿಲು ಮುಚ್ಚಿದ್ದು ಸರಿಯಾಗಿ ಈ ಹೊತ್ತಿನಲ್ಲಿ. ಬೇಸಾಯಕ್ಕೆ ವಿನಾಯಿತಿ ಕೊಟ್ಟ ಆದೇಶ ಕೆಲವೇ ದಿನಗಳಲ್ಲಿ ಬಂದಿತು, ನಿಜ. ಆದರೆ ಆದೇಶಕ್ಕೆ ವಿನಾಯಿತಿ ಕೊಡಲು ಬರುತ್ತದೆಯೇ ಹೊರತು, ಬಾರದ ಲಾರಿಯನ್ನು ಕರೆತರಲು ಬರುವುದಿಲ್ಲ. ಮಹಾರಾಷ್ಟ್ರದ ಗಡಿಯಲ್ಲಿ ತಪಾಸಣೆ. ನಗರಗಳಲ್ಲಿ ಹಣ್ಣಿನ ಅಂಗಡಿ ಬಂದ್. ಮದುವೆ, ಜಾತ್ರೆ, ಉರುಸು ಎಲ್ಲ ನಿಂತುಹೋದವು. ಶೆಡ್ಡು ಇದ್ದವರು ಹಸಿ ಮಾರಬೇಕಾದ ಹಣ್ಣನ್ನೂ ಒಣಗಲು ಹಾಕಿದರು. ದ್ರಾಕ್ಷಿಗೆ ಒಣಗಿ ಉಳಿಯುವ ಒಂದು ದಾರಿಯಾದರೂ ಇದೆ. ಕಲ್ಲಂಗಡಿಗೆ ಇಲ್ಲ, ಟೊಮೆಟೊಗೆ ಇಲ್ಲ, ಚೆಂಡುಹೂವಿಗಂತೂ ಇಲ್ಲವೇ ಇಲ್ಲ. ಅವು ಹೊಲದಲ್ಲಿಯೇ ಕೊಳೆತವು. ಕೆಲವರು ಅವುಗಳ ಮೇಲೆಯೇ ಕುಂಟೆ ಹೊಡೆದರು.

ಈ ಹಿನ್ನೆಲೆಯಲ್ಲಿ ಸರಕಾರದ ಪರಿಹಾರ ಬಂದಿತು. 2020ರ ಮೇ 6ರಂದು ರಾಜ್ಯ ಸರಕಾರ 1,610 ಕೋಟಿ ರೂಪಾಯಿಗಳ ನೆರವನ್ನು ಸಾರಿತು. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಒಂದು ಹೆಕ್ಟೇರಿನ ಮಿತಿ. ಅಗಸರಿಗೂ ಕ್ಷೌರಿಕರಿಗೂ ತಲಾ 5,000 ರೂಪಾಯಿ. ಅದೇ ತಿಂಗಳಲ್ಲಿ ಹಣ್ಣು ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000 ರೂಪಾಯಿಯಂತೆ 137 ಕೋಟಿ. ಅದರ ಹಿಂದೆಯೇ ಮೆಕ್ಕೆಜೋಳದ ಹತ್ತು ಲಕ್ಷ ಬೆಳೆಗಾರರಿಗೆ ತಲಾ 5,000 ರೂಪಾಯಿಯಂತೆ 500 ಕೋಟಿ. ಕೇಂದ್ರ ಸರಕಾರ ತನ್ನ ಕಿಸಾನ್ ಸಮ್ಮಾನ್ ಯೋಜನೆಯ 2,000 ರೂಪಾಯಿಯ ಕಂತನ್ನು ಏಪ್ರಿಲ್‌ನಲ್ಲಿಯೇ ಖಾತೆಗಳಿಗೆ ಹಾಕಿತು. ಮರುವರ್ಷ ಎರಡನೆಯ ಅಲೆ ಬಂದಾಗ, 2021ರ ಮೇ 19ರಂದು, 1,250 ಕೋಟಿ ರೂಪಾಯಿಗಳ ಮತ್ತೊಂದು ಘೋಷಣೆಯಾಯಿತು. ಅದರಲ್ಲಿ ಹೂವು, ಹಣ್ಣು, ತರಕಾರಿಗಳಿಗೆ ಹೆಕ್ಟೇರಿಗೆ 10,000 ರೂಪಾಯಿ, ಒಂದು ಹೆಕ್ಟೇರು ಮೀರದಂತೆ.

ಈ ಮೊತ್ತ ಸಾಕೇ ಎಂದು ಕೇಳಿದರೆ ಉತ್ತರ ಸುಲಭ. ಹೆಕ್ಟೇರಿಗೆ 15,000 ಎಂದರೆ ಎಕರೆಗೆ 6,000 ರೂಪಾಯಿಯ ಆಸುಪಾಸು. ದ್ರಾಕ್ಷಿ ತೋಟದ ಔಷಧದ ಖರ್ಚಿಗೂ ಅದು ಸಾಲದು. ಆದರೆ ನನ್ನ ಮಾತು ಮೊತ್ತವನ್ನು ಕುರಿತದ್ದಲ್ಲ. ಅಲ್ಪವೆನಿಸಿದರೂ ಆ ಹಣ ಕೆಲವು ಮನೆಗಳಲ್ಲಿ ಮುಂಗಾರಿನ ಬೀಜಕ್ಕಾಯಿತು, ಕಿರಾಣಿ ಅಂಗಡಿಯ ಉದ್ದರಿಗಾಯಿತು. ಕೊಡುವ ಮನಸ್ಸನ್ನು ಹಳಿಯುವುದು ನ್ಯಾಯವಲ್ಲ. ಆ ಹಣ ಯಾರನ್ನು ಹುಡುಕಿಕೊಂಡು ಹೋಯಿತು, ಯಾರನ್ನು ಕಾಣದೆ ಮುಂದೆ ಸಾಗಿತು ಎಂಬುದೇ ಇಲ್ಲಿಯ ವಿಚಾರ.

ಪರಿಹಾರ ಹುಡುಕಿದ್ದು ಉತಾರವನ್ನು. ದಕ್ಷಿಣದವರು ಪಹಣಿ ಎನ್ನುವುದನ್ನು ನಮ್ಮ ಕಡೆ ಉತಾರ ಎನ್ನುತ್ತೇವೆ. ಅದರ ಒಂಬತ್ತನೆಯ ಅಂಕಣದಲ್ಲಿ ಭೂಮಿಯ ಕಬ್ಜೇದಾರನ ಹೆಸರು. ಹನ್ನೆರಡನೆಯ ಅಂಕಣದಲ್ಲಿ ಸಾಗುವಳಿ ಮಾಡುವವನ ಹೆಸರು ಮತ್ತು ಬೆಳೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ಈ ಲೆಕ್ಕವೆಲ್ಲ ಗಣಕಯಂತ್ರ ಸೇರಿತು. ಈಚೆಗೆ ಅದಕ್ಕೆ ಮೊಬೈಲಿನಲ್ಲಿ ಹೊಲದ ಚಿತ್ರ ತೆಗೆದು ಮಾಡುವ ಬೆಳೆ ಸಮೀಕ್ಷೆ ಜೊತೆಯಾಯಿತು. ಆಧಾರಿನ ಸಂಖ್ಯೆ, ಬ್ಯಾಂಕಿನ ಖಾತೆ ಜೊತೆಯಾದವು. ಎಲ್ಲರೂ ಮನೆಯೊಳಗೆ ಕುಳಿತಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ಹೊರಟ ಹಣ ಅರಕೇರಿಗೋ ಹೊನವಾಡಕ್ಕೋ ತಲುಪಿದ್ದು ಈ ಏರ್ಪಾಡಿನಿಂದ. ಹಳೆಯ ಪದ್ಧತಿಯಲ್ಲಿ ಅದು ಎಷ್ಟು ಕೈಗಳನ್ನು ದಾಟಬೇಕಾಗುತ್ತಿತ್ತು, ದಾಟುವಾಗ ಎಷ್ಟು ಸವೆಯುತ್ತಿತ್ತು ಎಂಬುದು ತಮಗೆ ಗೊತ್ತಿರುವ ಸಂಗತಿಯೇ. ದಾಖಲೆ ಸಿದ್ಧವಾಗಿದ್ದುದರಿಂದಲೇ ನೆರವು ಬೇಗ ಸಾಗಿತು; ಈ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು.

ಆದರೆ ಉತಾರ ಎಂಬ ಪುಸ್ತಕ ಹುಟ್ಟಿದ್ದು ಕೊಡುವುದಕ್ಕಾಗಿ ಅಲ್ಲ, ತೆಗೆದುಕೊಳ್ಳುವುದಕ್ಕಾಗಿ. ಮುಂಬಯಿ ಪ್ರಾಂತದಲ್ಲಿ 1830ರ ದಶಕದಲ್ಲಿ ಆರಂಭವಾದ ಸರ್ವೆಯ ಗುರಿ, ಯಾವ ಹೊಲದ ಸಾರಾ ಯಾರಿಂದ ವಸೂಲಾಗಬೇಕು ಎಂದು ಗೊತ್ತುಪಡಿಸುವುದು. 1879ರ ಭೂಕಂದಾಯ ಕಾನೂನು, 1903ರ ಹಕ್ಕುದಾಖಲೆಯ ಕಾನೂನು ಅದೇ ಗಿಡದ ಟೊಂಗೆಗಳು. ಸಾರಾ ಕೊಡುವವನು ಸಿಕ್ಕಿದರೆ ಸರಕಾರಕ್ಕೆ ಸಾಕಾಗಿತ್ತು. ಆ ಹೊಲದಲ್ಲಿ ಬೆವರು ಸುರಿಸುವವರು ಎಷ್ಟು ಮಂದಿ ಎಂದು ಕೇಳುವ ಅಗತ್ಯ ಅದಕ್ಕಿರಲಿಲ್ಲ. ಬೆಳೆ ಕೆಟ್ಟ ವರ್ಷ ಆಣೇವಾರಿ ನೋಡಿ ಸಾರಾವನ್ನು ತಹಕೂಬು ಇಡುತ್ತಿದ್ದರು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಗಾಂಧೀಜಿ ಸತ್ಯಾಗ್ರಹ ನಡೆಸಿದ್ದು ಈ ಆಣೇವಾರಿಯ ವಿವಾದದ ಮೇಲೆಯೇ. ಅದು 1918, ಇನ್ಫ್ಲುಯೆಂಜಾ ಎಂಬ ಮಹಾಮಾರಿ ದೇಶವನ್ನು ಮುತ್ತಿದ ವರ್ಷವೂ ಹೌದು. ಅಂದಿನ ಸರಕಾರದ ದೃಷ್ಟಿಯಲ್ಲಿ ಪರಿಹಾರವೆಂದರೆ ಕೊಡುವುದಲ್ಲ, ತೆಗೆದುಕೊಳ್ಳದೆ ಒಂದಿಷ್ಟು ದಿನ ಬಿಡುವುದು. ಅದೂ ಸಾರಾ ಕೊಡುವವನಿಗೆ ಮಾತ್ರ ಪರಿಹಾರ. ನೂರು ವರ್ಷದ ಮೇಲೆ, ಸ್ವತಂತ್ರ ದೇಶದ ಸರಕಾರ ಕೊಡಲು ಕೈ ಚಾಚಿದಾಗ ಅದರ ಕೈಗೆ ಸಿಕ್ಕಿದ್ದು ಅದೇ ವಸೂಲಿಯ ಪುಸ್ತಕ. ಉದ್ದೇಶ ಬದಲಾಯಿತು, ಯಂತ್ರ ಬದಲಾಯಿತು, ಹೆಸರಿನ ಅಂಕಣ ಮಾತ್ರ ಬದಲಾಗಲಿಲ್ಲ.

ಹಾಗಾದರೆ ಈ ಅಂಕಣದ ಹೊರಗೆ ಉಳಿದವರು ಯಾರು?

ಮೊದಲನೆಯವನು ಲಾವಣಿ ರೈತ. ಜೋರಾಪುರ ಪೇಟೆಯಂಥ ನಗರದ ಪೇಟೆಗಳಲ್ಲಿ, ಹಳ್ಳಿಯ ಹೊಲವನ್ನು ಉಳಿಸಿಕೊಂಡು, ನೌಕರಿಯನ್ನೋ ವ್ಯಾಪಾರವನ್ನೋ ಮಾಡಿಕೊಂಡಿರುವ ಕುಟುಂಬಗಳಿವೆ. ಹೊಲವನ್ನು ಅವರು ವರ್ಷಕ್ಕಿಷ್ಟು ಎಂದು ಲಾವಣಿಗೋ, ಅರ್ಧ ಪಾಲಿಗೋ ಹಾಕಿರುತ್ತಾರೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಅನೇಕರಿಗೆ ಅದು ಹಿರಿಯರ ನೆನಪು, ಇಳಿವಯಸ್ಸಿನ ಆಸರೆ. ಆದರೆ ಲಾವಣಿಯ ಕರಾರು ನಡೆಯುವುದು ಬಾಯಿಮಾತಿನಲ್ಲಿ. ಇದಕ್ಕೊಂದು ಕಾರಣವಿದೆ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದುಪಡಿಸಿತು. ಲಕ್ಷಾಂತರ ಗೇಣಿದಾರರು ಒಡೆಯರಾದರು. ಕರ್ನಾಟಕದ ಚರಿತ್ರೆಯಲ್ಲಿ ಅದು ಹೆಮ್ಮೆಯ ಅಧ್ಯಾಯ. ಆದರೆ ಆ ಬಳಿಕ ಹೊಸದಾಗಿ ಹುಟ್ಟಿದ ಗೇಣಿ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಕಾನೂನು ಇಲ್ಲವೆಂದು ಹೇಳಿದ್ದನ್ನು ಉತಾರ ಹೇಗೆ ಬರೆದುಕೊಂಡೀತು? ಒಡೆಯನೂ ಬರೆಯಿಸಲು ಒಪ್ಪುವುದಿಲ್ಲ. ಹೆಸರು ಬಿದ್ದರೆ ಹೊಲ ಹೋದೀತೆಂಬ ಭಯ ಐವತ್ತು ವರ್ಷದ ಮೇಲೂ ಆರಿಲ್ಲ. ಗೇಣಿದಾರನನ್ನು ಕಾಪಾಡಲು ಮಾಡಿದ ಕಾನೂನಿನ ನೆರಳಿನಲ್ಲಿಯೇ ಇಂದಿನ ಗೇಣಿದಾರ ಕಾಣೆಯಾಗಿದ್ದಾನೆ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ತಿಕೋಟಾದ ಕಡೆಯ ಒಬ್ಬ ಒಕ್ಕಲಿಗ ಪೇಟೆಯ ಸಾವಕಾರರ ಎರಡು ಎಕರೆ ಹೊಲವನ್ನು ಲಾವಣಿಗೆ ಹಿಡಿದು ಕಲ್ಲಂಗಡಿ ಹಾಕಿದ್ದಾನೆ. ಬೀಜ ಅವನದು, ಗೊಬ್ಬರ ಅವನದು, ಸಾಲ ಅವನದು. ಹಣ್ಣು ಹೊಲದಲ್ಲಿಯೇ ಕೊಳೆಯಿತು. ಪರಿಹಾರದ ಸುಮಾರು 12,000 ರೂಪಾಯಿ ಸಾವಕಾರರ ಖಾತೆಗೆ ಬಂದಿತು. ಅವನು ಬಂದು ಕಟ್ಟೆಯ ಕೆಳಗೆ ನಿಂತು ಕೇಳುತ್ತಾನೆ: "ಸಾವಕಾರ್ರ, ಬೆಳಿ ಪರಿಹಾರ ಬಂದೈತಂತ್ರೀ, ನಿಮ್ಮ ಖಾತೇಕ ಜಮಾ ಆಗೇತೇನ್ರಿ?" ಅವರು ಕೆಟ್ಟವರೇನಲ್ಲ. "ಬಂದೈತಪಾ. ಉತಾರ ನಂದೈತಲ್ಲ, ಅದಕ್ಕ ನನಗ ಬಂದೈತಿ" ಎನ್ನುತ್ತಾರೆ. "ಹೌದ್ರೀ, ಉತಾರ ನಿಮ್ದ. ಕೊಳತದ್ದು ಮಾತ್ರ ನಂದ್ರೀ" ಎಂದು ಅವನು ಹೇಳಬಹುದಿತ್ತು, ಆದರೆ ಮುಂದಿನ ವರ್ಷವೂ ಹೊಲ ಬೇಕಲ್ಲ, ಆ ಮಾತನ್ನು ನುಂಗಿಕೊಳ್ಳುತ್ತಾನೆ. ಸಾವಕಾರರು ಉದಾರಿಗಳಾದರೆ ಹಣವನ್ನು ಅವನ ಕೈಗಿಡುತ್ತಾರೆ. ಇಲ್ಲವಾದರೆ ಲಾವಣಿಯ ಬಾಕಿಗೆ ಮುರಿದುಕೊಳ್ಳುತ್ತಾರೆ. ಎರಡೂ ಆಗುವಂಥದೇ. ಆದರೆ ಮೊದಲಿನದು ಆದಾಗಲೂ ಒಂದು ಸೂಕ್ಷ್ಮ ಬದಲಾವಣೆ ಆಗಿಹೋಗಿದೆ. ಸರಕಾರ ಹಕ್ಕಾಗಿ ಕಳಿಸಿದ ಹಣ ಅವನನ್ನು ಮುಟ್ಟುವಾಗ ಸಾವಕಾರರ ದಾನವಾಗಿದೆ.

ಎರಡನೆಯವಳು ಮನೆಯ ಹೆಣ್ಣುಮಗಳು. ಬಿತ್ತುವುದರಿಂದ ಹಿಡಿದು ಒಣದ್ರಾಕ್ಷಿಯನ್ನು ಹಸನುಮಾಡಿ ವಿಂಗಡಿಸುವವರೆಗೆ ಅವಳ ಕೈಯಿಲ್ಲದ ಕೆಲಸವಿಲ್ಲ. ಆದರೆ 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ. ಗಂಡ ತೀರಿಕೊಂಡ ಮೇಲೂ ಎಷ್ಟೋ ಮನೆಗಳಲ್ಲಿ ವಾರಸಾ ದಾಖಲಾಗದೆ ಉತಾರದಲ್ಲಿ ಸತ್ತವರ ಹೆಸರೇ ಮುಂದುವರಿಯುತ್ತದೆ. ಮಾವನ ಹೆಸರು, ಮೈದುನರ ಹೆಸರು ಎಲ್ಲ ಒಂದೇ ಉತಾರದಲ್ಲಿ ಕೂಡಿಕೊಂಡಿರುತ್ತವೆ. ಗಣಕಯಂತ್ರ ಸತ್ತವರನ್ನು ಬದುಕಿಸಲಾರದು. ಬದುಕಿದ್ದವಳನ್ನು ಅದು ಬರೆದುಕೊಂಡಿಲ್ಲ.

ಮೂರನೆಯವರು ಕೂಲಿಯವರು. ಬಳ್ಳಿಯ ಚಾಟ್ನಿಗೂ ಶೆಡ್ಡಿನ ಕೆಲಸಕ್ಕೂ ಬರುವ ಇವರಿಗೆ ಬೆಳೆಯ ನಷ್ಟವಿಲ್ಲವೆಂದು ಲೆಕ್ಕ. ಬೆಳೆ ನಿಂತರೆ ಕೂಲಿಯೂ ನಿಲ್ಲುತ್ತದೆ ಎಂಬುದು ಹೆಕ್ಟೇರಿನ ಲೆಕ್ಕಕ್ಕೆ ಹೊರಗಿನ ಮಾತು.

ಹಿಂದಿನವರು ಈ ಸಮಸ್ಯೆಯನ್ನು ಹೇಗೆ ನಿವಾರಿಸಿಕೊಂಡಿದ್ದರು ಎಂದು ಕೇಳಿದರೆ ಎರಡು ದಾರಿ ಕಾಣುತ್ತವೆ. ಒಂದು, ಕಣದ ದಾರಿ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಮಾತು ನಮ್ಮ ಕಡೆಯದು. ರಾಶಿ ಮನೆಗೆ ಹೋಗುವ ಮೊದಲು ಕಣದಲ್ಲಿಯೇ ಆಯಗಾರರಿಗೆ ಪಾಲು ಹೋಗುತ್ತಿತ್ತು: ಬಡಿಗ, ಕಂಬಾರ, ಅಗಸ, ಕ್ಷೌರಿಕ ಎಲ್ಲರಿಗೂ. ಅಲ್ಲಿ ಯಾರೂ ಉತಾರ ಕೇಳುತ್ತಿರಲಿಲ್ಲ. ಕಣದ ಮುಂದೆ ನಿಂತವನ ಮುಖವೇ ಅವನ ದಾಖಲೆ. ಆದರೆ ಇದನ್ನು ಸುವರ್ಣಯುಗವೆಂದು ಹಾಡುವುದು ಬೇಡ. ಯಾರು ಮೊದಲು ನಿಲ್ಲಬೇಕು, ಯಾರು ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಪಾಲು ಪಡೆಯುವವನು ಬಾಗಿಯೇ ಪಡೆಯಬೇಕಾಗಿತ್ತು. ಅಗಸರಿಗೂ ಕ್ಷೌರಿಕರಿಗೂ 2020ರಲ್ಲಿ ಸರಕಾರ ತಾನಾಗಿ 5,000 ರೂಪಾಯಿ ಸಾರಿದ್ದು, ಆ ದೃಷ್ಟಿಯಿಂದ, ಸಣ್ಣ ಸಂಗತಿಯಲ್ಲ. ಕಣದ ಅಂಚಿನಲ್ಲಿ ನಿಂತು ಪಡೆಯುತ್ತಿದ್ದವರು ಸರಕಾರಿ ಆದೇಶದಲ್ಲಿ ತಮ್ಮ ಕಸುಬಿನ ಹೆಸರು ಕಂಡರು.

ಎರಡನೆಯದು ಕಾಮಗಾರಿಯ ದಾರಿ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆಯ ಸೀಮೆ, ಘೋರವಾಗಿ ಬೆಂದಿತು. ಸರಕಾರ ರಸ್ತೆ, ಕೆರೆಗಳ ಕೆಲಸ ತೆರೆಯಿತು. ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ, ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದು ಆಣೆ. ಅಲ್ಲಿ ಹೆಸರು ಕೇಳುತ್ತಿರಲಿಲ್ಲ, ಹೊಲವಿದೆಯೇ ಎಂದು ಕೇಳುತ್ತಿರಲಿಲ್ಲ, ಮೈಯನ್ನೇ ಕೇಳುತ್ತಿದ್ದರು. ಹಸಿದವನು ಕಲ್ಲು ಒಡೆದು ತನ್ನ ಹಸಿವನ್ನು ಸಾಬೀತುಪಡಿಸಬೇಕು. ಒಡೆಯಲಾರದಷ್ಟು ಹಸಿದವನ ಗತಿ ಏನೆಂಬುದನ್ನು ಆ ಕಾಲದ ಸಾವಿನ ಲೆಕ್ಕ ಹೇಳುತ್ತದೆ. ಕಾಮಗಾರಿಯ ಈ ದಾರಿ ಮುಂದೆ ಮಾನವೀಯವಾಯಿತು. 1972–73ರ ಬರದ ಹೊತ್ತಿಗೆ ನೆರೆಯ ಮಹಾರಾಷ್ಟ್ರ ಅದನ್ನು ಉದ್ಯೋಗದ ಖಾತರಿಯಾಗಿ ರೂಪಿಸಿತು. 2005ರಲ್ಲಿ ಅದು ದೇಶದ ಕಾನೂನಾಯಿತು. 2020ರ ಬೇಸಿಗೆಯಲ್ಲಿ ಉತಾರದಲ್ಲಿ ಹೆಸರಿಲ್ಲದವರು ಹೋಗಿ ನಿಂತದ್ದು ಆ ಉದ್ಯೋಗ ಖಾತರಿಯ ಬದುವಿನ ಮೇಲೆಯೇ. ಕರ್ನಾಟಕದಲ್ಲಿ ಆ ವರ್ಷದ ದಿನಗೂಲಿ 275 ರೂಪಾಯಿ.

ಹೀಗೆ ನೋಡಿದರೆ ನಮ್ಮಲ್ಲಿ ವಿಪತ್ತಿನ ನೆರವಿಗೆ ಎರಡು ಬಾಗಿಲುಗಳಿವೆ. ಹೆಸರಿದ್ದವನಿಗೆ ಮನೆಯಲ್ಲಿ ಕುಳಿತಲ್ಲಿ ಹಣ ಬರುತ್ತದೆ. ಹೆಸರಿಲ್ಲದವನು ಬಿಸಿಲಿನಲ್ಲಿ ಮಣ್ಣು ಹೊತ್ತು ಅದನ್ನು ಪಡೆಯಬೇಕು. ಇಬ್ಬರ ನಷ್ಟಕ್ಕೂ ಕಾರಣ ಒಂದೇ ರೋಗ, ಒಂದೇ ದಿಗ್ಬಂಧನ.

ಇದು ನಮ್ಮ ದೇಶಕ್ಕಷ್ಟೇ ಸೀಮಿತವಾದ ತೊಡಕಲ್ಲ. ಅಮೆರಿಕ 2020ರ ಏಪ್ರಿಲ್‌ನಲ್ಲಿ ತನ್ನ ರೈತರಿಗೆ ನೇರವಾಗಿ ಕೊಡಲು 1,600 ಕೋಟಿ ಡಾಲರುಗಳನ್ನು ತೆಗೆದಿಟ್ಟಿತು. ಅಲ್ಲಿ ಒಬ್ಬ ವ್ಯಕ್ತಿ ಪಡೆಯಬಹುದಾದ ಮಿತಿ ಎರಡೂವರೆ ಲಕ್ಷ ಡಾಲರು. ಉತ್ಪಾದನೆಗೆ ತಕ್ಕಂತೆ ಹಣವಾದ್ದರಿಂದ ದೊಡ್ಡ ಕಣಜಕ್ಕೆ ದೊಡ್ಡ ಪಾಲು ಹೋಯಿತೆಂಬ ಟೀಕೆ ಅಲ್ಲಿಯೂ ಕೇಳಿಬಂದಿತು. ಅದರ ಮುಂದೆ ನಮ್ಮ ಒಂದು ಹೆಕ್ಟೇರಿನ ಮಿತಿ ನ್ಯಾಯಕ್ಕೆ ಹತ್ತಿರವಾದದ್ದು. ಎಷ್ಟು ಎಂಬ ಪ್ರಶ್ನೆಯಲ್ಲಿ ನಾವು ಸಣ್ಣವನನ್ನು ನೆನೆದೆವು. ಯಾರಿಗೆ ಎಂಬ ಪ್ರಶ್ನೆಯಲ್ಲಿ ಮರೆತೆವು.

ಪರಿಹಾರವಿಲ್ಲದ ಸಮಸ್ಯೆಯೇನೂ ಇದಲ್ಲ. ಡಾ. ಎಂ. ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ಆಯೋಗದ ಶಿಫಾರಸುಗಳ ಮೇಲೆ ರೂಪುಗೊಂಡ 2007ರ ರಾಷ್ಟ್ರೀಯ ರೈತ ನೀತಿ, ರೈತ ಎಂಬ ಶಬ್ದದೊಳಗೆ ಗೇಣಿದಾರನನ್ನೂ ಪಾಲುಗಾರನನ್ನೂ ಕೃಷಿ ಕೂಲಿಯನ್ನೂ ಸೇರಿಸಿಕೊಂಡಿತು. ಒಡಿಶಾ ರಾಜ್ಯ ತನ್ನ ಕಾಲಿಯಾ ಯೋಜನೆಯಲ್ಲಿ ಪಾಲುಗಾರರಿಗೂ ಭೂಹೀನ ಕುಟುಂಬಗಳಿಗೂ ಸ್ಥಾನ ಕೊಟ್ಟಿತು. ಆಂಧ್ರಪ್ರದೇಶ 2019ರಲ್ಲಿ ಕಾನೂನು ಮಾಡಿ, ಒಡೆಯನ ಹಕ್ಕಿಗೆ ಚ್ಯುತಿಯಿಲ್ಲದಂತೆ ಹನ್ನೊಂದು ತಿಂಗಳ ಅವಧಿಗೆ ಸಾಗುವಳಿದಾರನಿಗೊಂದು ಪತ್ರ ಕೊಡುವ ಏರ್ಪಾಡು ಮಾಡಿತು. ಅದಕ್ಕೆ ಒಡೆಯನ ಒಪ್ಪಿಗೆ ಬೇಕಾದ್ದರಿಂದ ಅದರಲ್ಲಿಯೂ ಕುಂದು ಉಂಟು. ಆದರೂ ಬೆಳೆಯ ಒಡೆತನ ಬೇರೆ, ಭೂಮಿಯ ಒಡೆತನ ಬೇರೆ ಎಂಬ ತತ್ವವನ್ನು ಅದು ಕಾಗದದ ಮೇಲೆ ಒಪ್ಪಿತು. ಇಷ್ಟಾದರೆ ಅರ್ಧ ಭಯ ಹೋಗುತ್ತದೆ. ನಮ್ಮ ರಾಜ್ಯದಲ್ಲಿ 2020ರ ಮುಂಗಾರಿನಿಂದ ಬೆಳೆಯ ಮಾಹಿತಿಯನ್ನು ರೈತನೇ ಸಮೀಕ್ಷೆಗೆ ತುಂಬುವ ಸೌಕರ್ಯ ಬಂದಿದೆ. ಆ ಪಟ್ಟಿಯಲ್ಲಿ ಈ ಹಂಗಾಮಿಗೆ ಬೆಳೆದವರು ಯಾರು ಎಂಬ ಒಂದು ಸಾಲು ಕೂಡಿಸುವುದು ಅಸಾಧ್ಯವಲ್ಲ. ಪರಿಹಾರದ ಯಾದಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದೂ ಅಸಾಧ್ಯವಲ್ಲ. ಯಾರ ಬೆಳೆ ಕೊಳೆಯಿತು ಎಂಬುದು ಯಂತ್ರಕ್ಕೆ ಗೊತ್ತಿಲ್ಲದಿರಬಹುದು, ಊರಿಗೆ ಗೊತ್ತಿರುತ್ತದೆ.

ಸರಕಾರದ ಕೆಲಸವನ್ನು ಸರಕಾರ ಮಾಡುವವರೆಗೆ ಪೇಟೆಯಲ್ಲಿರುವ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವೂ ಇದೆ. ಹೊಲವನ್ನು ಲಾವಣಿಗೆ ಹಾಕುವಾಗ, ಬೆಳೆ ಹಾಳಾಗಿ ಪರಿಹಾರ ಬಂದರೆ ಅದು ಬೆಳೆದವನದು ಎಂಬ ಮಾತನ್ನು ಮೊದಲೇ ಆಡಿಬಿಡುವುದು. ವಿಪತ್ತು ಬಂದ ಮೇಲೆ ಕೊಟ್ಟದ್ದು ದಾನ. ಬರುವ ಮೊದಲು ಒಪ್ಪಿಕೊಂಡದ್ದು ಕರಾರು. ಅದನ್ನು ಕೇಳಲು ಅವನು ಕಟ್ಟೆಯ ಕೆಳಗೆ ನಿಲ್ಲಬೇಕಾಗುವುದಿಲ್ಲ.

ಬರವಾಗಲಿ ಮಹಾಮಾರಿಯಾಗಲಿ ಮತ್ತೆ ಬಾರದೆಂದು ಹೇಳುವ ಧೈರ್ಯ ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇರಲಾರದು. ಅದು ಬಂದಾಗ ಸರಕಾರ ಮತ್ತೆ ಪುಸ್ತಕ ತೆರೆಯುತ್ತದೆ. ಆ ಪುಸ್ತಕದಲ್ಲಿ ಭೂಮಿ ಯಾರದೆಂಬ ಹೆಸರಿನ ಪಕ್ಕದಲ್ಲಿ ಬೆಳೆ ಯಾರದೆಂಬ ಹೆಸರೂ ಇರುವಂತೆ ಮಾಡಲು ತಕ್ಕ ಸಮಯ ವಿಪತ್ತಿನ ದಿನವಲ್ಲ. ಹೊಲ ಹಸಿರಾಗಿರುವ ಸಾಮಾನ್ಯ ವರ್ಷಗಳೇ ಅದಕ್ಕೆ ತಕ್ಕ ಸಮಯ.